ಪುಣೆಯಲ್ಲಿ ವ್ಯಾಲರಂಟ್ (ಆನ್‌ಲೈನ್ ಶೂಟಿಂಗ್ ಆಟ) ಆಡುವಾಗ ಪಿಂಗ್ ಕಡಿಮೆ ಇದ್ದರೂ ಗುಂಡು ಯಾಕೆ ತಾಗುವುದಿಲ್ಲ?

ಆಟ ನಡೆಸುವ ಮುಂಬೈ ಸರ್ವರ್ ಪುಣೆಗೆ ಹತ್ತಿರ, ಹಾಗಾಗಿ ಪಿಂಗ್ ಚೆನ್ನಾಗಿಯೇ ಕಾಣುತ್ತದೆ. ಆದರೆ ಪಿಂಗ್ ಹೇಳುವುದು ಡೇಟಾ ಸರ್ವರ್‌ಗೆ ಹೋಗಿಬರುವ ಸಮಯವನ್ನಷ್ಟೇ. ದಾರಿಯಲ್ಲಿ ಎಷ್ಟು ಪ್ಯಾಕೆಟ್ (ಡೇಟಾದ ತುಣುಕು) ಕಳೆದುಹೋಯಿತು ಎಂಬುದನ್ನಲ್ಲ. ಈ ಸರ್ವರ್ ಸೆಕೆಂಡಿಗೆ 128 ಸಲ ಆಟವನ್ನು ಲೆಕ್ಕ ಹಾಕುತ್ತದೆ. ನಡುವೆ ಪ್ಯಾಕೆಟ್ ತಪ್ಪಿದರೆ ನಿಮ್ಮ ಪರದೆಯಲ್ಲಿ ಎದುರಾಳಿ ಇನ್ನೂ ನಿಂತೇ ಇರುತ್ತಾನೆ, ಸರ್ವರ್ ಲೆಕ್ಕದಲ್ಲಿ ಆಗಲೇ ಗೋಡೆ ಹಿಂದೆ ಸರಿದಿರುತ್ತಾನೆ. ಸರ್ವರ್ ಹೇಳಿದ್ದೇ ಅಂತಿಮ.

ಸೆಟ್ಟಿಂಗ್ಸ್‌ನಲ್ಲಿ ಪ್ಯಾಕೆಟ್ ಲಾಸ್ ಗ್ರಾಫ್ ಆನ್ ಮಾಡಿ ನೋಡಿ. ವಾಕಡ್, ಹಿಂಜವಡಿಯ ಫ್ಲ್ಯಾಟುಗಳಲ್ಲಿ ಅಕ್ಕಪಕ್ಕದವರ ವೈಫೈಯೆಲ್ಲ 2.4 ಗಿಗಾಹರ್ಟ್ಸ್‌ನಲ್ಲೇ ತುಂಬಿರುತ್ತದೆ, ಆ ಗದ್ದಲದಲ್ಲಿ ಪ್ಯಾಕೆಟ್ ಕಳೆದುಹೋಗುತ್ತದೆ. ನಮ್ಮ ಕನ್ನಡದ ಹುಡುಗರ ಟೀಮಿಗೂ ಇದೇ ಕಾಟ ಇತ್ತು. ರೌಟರ್‌ನಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆಯಿರಿ, ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಆಗದಿದ್ದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಕೇಬಲ್ ಹಾಕಿದರೂ ಲಾಸ್ ನಿಲ್ಲದಿದ್ದರೆ ಹೊರಗಿನ ಲೈನಿನಲ್ಲೇ ದೋಷ ಇರಬಹುದು. ಗ್ರಾಫಿನ ಸ್ಕ್ರೀನ್‌ಶಾಟ್ ಸಮೇತ ಇಂಟರ್ನೆಟ್‌ನವರಿಗೆ ದೂರು ಕೊಡಿ.