ಕರಾಟೆ ಮಾಸ್ಟರ್‌ಗೆ ನನ್ನ ಮಗಳ ಜಡೆಯ ಮೇಲೆ ಅಧಿಕಾರ ಇದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಒಂಬತ್ತನೇ ಕ್ಲಾಸಿನ ಮಗಳು ಮಂಡ್ಯದಲ್ಲಿ ಕರಾಟೆ ಕಲಿಯುತ್ತಿದ್ದಾಳೆ. ಜಡೆ ತೆಗೆಸಿ ಬಾಯ್‌ಕಟ್ ಮಾಡಿಸಬೇಕು, ಮೂಗುಬೊಟ್ಟು ಬಿಚ್ಚಿಸಬೇಕು, ಕ್ಲಾಸಿನ ಹೊರಗೂ ಕೂದಲು ಬಿಟ್ಟುಕೊಂಡು ಓಡಾಡಬಾರದು ಅಂತ ಮಾಸ್ಟರ್ ಹೇಳಿದ್ದಾರೆ. ಒಪ್ಪದಿದ್ದರೆ ಮುಂದಿನ ಬೆಲ್ಟ್ ಟೆಸ್ಟಿಗೆ ಕೂರಿಸುವುದಿಲ್ಲವಂತೆ. ಅವರಿಗೆ ಆ ಹಕ್ಕಿದೆಯಾ ಅಂತ ಕೇಳಿದ್ದೀರಿ.

ಮೂಗುಬೊಟ್ಟಿನ ಮಟ್ಟಿಗೆ ಇದೆ, ಅದೂ ಕ್ಲಾಸು ನಡೆಯುವಷ್ಟು ಹೊತ್ತು. ಜಡೆ ಕಟ್ಟಿಕೊಂಡು ಬಾ ಅನ್ನಬಹುದು, ಕತ್ತರಿಸು ಅನ್ನುವ ಹಾಗಿಲ್ಲ. ಬೀದಿಯಲ್ಲಿ ಅವಳು ಹೇಗೆ ಓಡಾಡುತ್ತಾಳೆ ಅನ್ನುವುದು ಅವರು ಬಾಯಿ ಹಾಕುವ ವಿಷಯವೇ ಅಲ್ಲ. ಇದಕ್ಕೂ ಬೆಲ್ಟ್ ಟೆಸ್ಟಿಗೂ ಗಂಟು ಹಾಕಿರುವುದಂತೂ ಶುದ್ಧ ಅನ್ಯಾಯ.

ನಾನೂ ಸಂಜೆ ಹೊತ್ತು ಮಕ್ಕಳಿಗೆ ಕರಾಟೆ ಹೇಳಿಕೊಡುವವಳು. ಕಲಿತದ್ದು ಮೈಸೂರಿನಲ್ಲಿ, ಕಲಿಸುತ್ತಿರುವುದು ಮಂಡ್ಯದಲ್ಲಿ. ಹಾಗಾಗಿ ಮೊದಲು ಮಾಸ್ಟರ್‌ಗಳ ಪರವಾಗಿಯೇ ಮಾತಾಡುತ್ತೇನೆ, ಯಾಕೆಂದರೆ ಕೆಲವು ವಿಷಯದಲ್ಲಿ ನಾವು ಕಟ್ಟುನಿಟ್ಟಾಗಿ ಇರಲೇಬೇಕು.

ನಮ್ಮಲ್ಲಿ ಸಾಲಾಗಿ ನಿಂತು ನಮಸ್ಕಾರ ಆದ ತಕ್ಷಣ ಮಕ್ಕಳು ಎರಡೂ ಕೈ ಮುಂದೆ ಚಾಚಬೇಕು, ಅಂಗೈ ನನ್ನ ಕಡೆಗೆ. ಬೆರಳ ತುದಿಯ ಮೇಲೆ ಬಿಳಿ ಉಗುರು ಇಣುಕಿದರೆ ಆ ಮಗು ಸಾಲು ಬಿಟ್ಟು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಹೋಗಬೇಕು. ಅಲ್ಲಿ ದಾರದಲ್ಲಿ ನೇಲ್‌ಕಟರ್ ನೇತುಹಾಕಿದ್ದೇನೆ. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ, ಯಾರ ಮಗಳಾದರೂ ಅಷ್ಟೇ. ಉಗುರು ಕಣ್ಣಿನ ಪಕ್ಕ ಒಂದು ಗೆರೆ ಎಳೆದರೆ ಏನಾಗುತ್ತದೆ ಅಂತ ನೋಡಿದವರಿಗೆ ಇದು ಅತಿ ಅನ್ನಿಸುವುದಿಲ್ಲ. ಬಳೆಯೂ ಹಾಗೇ. ಗಾಜಿನ ಬಳೆ ಒಡೆದು ಮ್ಯಾಟಿನ ಸಂದಿಗೆ ಚೂರು ಸೇರಿಕೊಂಡರೆ ಗುಡಿಸಿದರೂ ಪೂರ್ತಿ ಸಿಗುವುದಿಲ್ಲ, ಮರುದಿನ ಬರಿಗಾಲಲ್ಲಿ ಬರುವ ಯುಕೆಜಿ ಮಗುವಿನ ಅಂಗಾಲಿಗೆ ಸಿಗುತ್ತದೆ. ಓಲೆ, ಸರ, ಕಾಲ್ಗೆಜ್ಜೆ, ಹೇರ್‌ಪಿನ್, ಗಂಡು ಮಕ್ಕಳ ಬೆಳ್ಳಿ ಉಡಿದಾರ, ಕೈಗೆ ಹಾಕುವ ಸ್ಟೀಲಿನ ಕಡಗ, ಎಲ್ಲಕ್ಕೂ ಇದೇ ಮಾತು.

ಚರ್ಮದ ವಿಷಯವೂ ಇದೆ, ಇದನ್ನು ತಂದೆತಾಯಂದಿರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹುಳಕಡ್ಡಿ ಮೈಗೆ ಮೈ ತಾಗಿದರೆ, ಟವೆಲ್ ಹಂಚಿಕೊಂಡರೆ ಹಬ್ಬುತ್ತದೆ. ಕುಸ್ತಿಯವರಲ್ಲಿ, ಜೂಡೋದವರಲ್ಲಿ ಇದು ಮಾಮೂಲಿ ಕಾಟ. ಒಬ್ಬ ಹುಡುಗನ ಕುತ್ತಿಗೆಯಲ್ಲಿ ದುಂಡಗೆ ಕೆಂಪು ಕಂಡರೆ ಅವನನ್ನು ಪಕ್ಕಕ್ಕೆ ಕರೆದು, ಡಾಕ್ಟರಿಗೆ ತೋರಿಸಿಕೊಂಡು ಬಾ ಅನ್ನುವುದು ನನ್ನ ಕೆಲಸ. ಒಗೆಯದ ಡ್ರೆಸ್ ಹಾಕಿಕೊಂಡು ಬಂದರೆ ವಾಪಸ್ ಕಳಿಸುವುದೂ ನನ್ನ ಕೆಲಸವೇ.

ಇದೆಲ್ಲದಕ್ಕೂ ನಾನು ಕೇಳಿಕೊಳ್ಳುವುದು ಒಂದೇ: ಇದರಿಂದ ಎದುರಿಗೆ ನಿಂತವರಿಗೋ ಇವಳಿಗೋ ಏಟಾಗುತ್ತದಾ? ಹೌದಾದರೆ ಬಾಗಿಲ ಒಳಗೆ ಮಾಸ್ಟರ್ ಮಾತೇ ಕೊನೆ.

ಈಗ ಜಡೆಗೆ ಬರೋಣ. ವಿಶ್ವ ಕರಾಟೆ ಫೆಡರೇಶನ್ನಿನ ಸ್ಪರ್ಧಾ ನಿಯಮದಲ್ಲಿ ಕೂದಲಿನ ಬಗ್ಗೆ ಬರೆದಿದೆ. ಕೂದಲು ಶುಭ್ರವಾಗಿರಬೇಕು, ಆಟಕ್ಕೆ ಅಡ್ಡ ಬರಬಾರದು, ಲೋಹದ ಪಿನ್ನು ಇರಬಾರದು. ಹೆಣ್ಣುಮಕ್ಕಳು ಸಾದಾ ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿಕೊಳ್ಳಬಹುದು. ಫೆಡರೇಶನ್ ಒಪ್ಪಿದ ಮಾದರಿಯ ಹಿಜಾಬ್‌ಗೂ ಅವಕಾಶ ಇದೆ. ಕರಾಟೆ ಮೊದಲ ಸಲ ಒಲಿಂಪಿಕ್ಸಿಗೆ ಬಂದದ್ದು ಟೋಕಿಯೋದಲ್ಲಿ, 2021ರಲ್ಲಿ. ಮಹಿಳೆಯರ ಕಟಾದಲ್ಲಿ (ಎದುರಾಳಿ ಇಲ್ಲದೆ ಒಬ್ಬರೇ ಮಾಡಿ ತೋರಿಸುವ ವರಸೆ) ಚಿನ್ನ ಗೆದ್ದ ಸ್ಪೇನಿನ ಸ್ಯಾಂಡ್ರಾ ಸಾಂಚೆಜ್ ಮತ್ತು ಬೆಳ್ಳಿ ಗೆದ್ದ ಜಪಾನಿನ ಕಿಯೋ ಶಿಮಿಜು ಇಬ್ಬರೂ ಕೂದಲು ಹಿಂದಕ್ಕೆಳೆದು ಕಟ್ಟಿಕೊಂಡೇ ಆಡಿದವರು. ಒಲಿಂಪಿಕ್ಸಿನ ಅಂಕಣಕ್ಕೆ ಅಡ್ಡಿಯಾಗದ ಜಡೆ ಮಂಡ್ಯದ ಒಂದು ಹಾಲ್‌ಗೆ ಅಡ್ಡಿಯಾಗುತ್ತದೆ ಅಂದರೆ ನಾನು ಒಪ್ಪುವುದಿಲ್ಲ. ಬಿಗಿಯಾಗಿ ಹೆಣೆದು, ಮಡಿಚಿ, ಎರಡು ರಬ್ಬರ್‌ಬ್ಯಾಂಡ್ ಹಾಕಿ ಕಳಿಸಿ. ಎಣ್ಣೆ ಮಾತ್ರ ಆ ದಿನ ಬೇಡ, ಮ್ಯಾಟ್ ಜಾರುತ್ತದೆ.

ನಮ್ಮ ಕಡೆಯ ಗರಡಿಗಳನ್ನೇ ನೋಡಿ. ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಅದರಲ್ಲಿ ಇಳಿಯುವ ಜೆಟ್ಟಿಗಳು ತಲೆ ಬೋಳಿಸಿ ಸಣ್ಣ ಜುಟ್ಟು ಮಾತ್ರ ಬಿಟ್ಟಿರುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಕಂಡ ತಕ್ಷಣ ಕಾಳಗ ನಿಲ್ಲಿಸಬೇಕು. ತಲೆ ತುಂಬ ಕೂದಲಿದ್ದರೆ ಆ ಹನಿ ಕಾಣುವುದು ಹೇಗೆ? ಅಲ್ಲಿ ಬೋಳು ತಲೆಗೂ ಆಟದ ನಿಯಮಕ್ಕೂ ನೇರ ಸಂಬಂಧ ಇದೆ, ಇಳಿಯುವವರು ಬೆಳೆದವರು, ತಮ್ಮ ಮನೆತನದ ಸೇವೆ ಅಂತ ತಾವಾಗಿ ಬೋಳಿಸಿಕೊಂಡು ಬರುವವರು. ಕುಸ್ತಿಯಲ್ಲಿ ಇನ್ನೂ ಚೆಂದದ ಒಂದು ನಿಯಮ ಇದೆ. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಪೈಲ್ವಾನ ಒಂದೋ ನುಣ್ಣಗೆ ಗಡ್ಡ ಬೋಳಿಸಿರಬೇಕು, ಇಲ್ಲವೇ ಹಲವು ತಿಂಗಳಿನಿಂದ ಬೆಳೆಸಿದ ಗಡ್ಡ ಇರಬೇಕು. ಬೇಡದ್ದು ನಡುವಿನ ಕುರುಚಲು ಮಾತ್ರ, ಯಾಕೆಂದರೆ ಅದು ಎದುರಾಳಿಯ ಕೆನ್ನೆ ತರಚುತ್ತದೆ. ಗಡ್ಡ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಗೊಡವೆಗೇ ನಿಯಮ ಹೋಗಿಲ್ಲ. ನಿಯಮ ಅಂದರೆ ಹೀಗಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

"ಇದು ಶಿಸ್ತಿನ ಪ್ರಶ್ನೆ, ಪೊಲೀಸ್ ಟ್ರೈನಿಂಗ್‌ನಲ್ಲಿ ಕೂದಲು ಕತ್ತರಿಸುವುದಿಲ್ವಾ" ಅಂತ ನಿಮ್ಮ ಮಾಸ್ಟರ್ ಹೇಳಬಹುದು. ನಮ್ಮವರ ಬಾಯಲ್ಲಿ ಈ ಮಾತು ಸದಾ ಇರುತ್ತದೆ. ಮೈಸೂರಿನ ಪೊಲೀಸ್ ಅಕಾಡೆಮಿಗೆ ಸೇರುವವರು ಒಂದು ಸೇವೆಯ ಷರತ್ತಿಗೆ ಒಪ್ಪಿ, ಸಂಬಳ ತೆಗೆದುಕೊಂಡು ಸೇರುತ್ತಾರೆ. ನಿಮ್ಮ ಮಗಳ ಲೆಕ್ಕದಲ್ಲಿ ನೀವು ಫೀಸು ಕೊಡುತ್ತಿದ್ದೀರಿ. ಶಿಸ್ತು ಅನ್ನುವುದು ಹೊತ್ತಿಗೆ ಸರಿಯಾಗಿ ಬರುವುದರಲ್ಲಿ, ತನಗಿಂತ ಚಿಕ್ಕವರ ಜೊತೆ ಜೋಡಿ ಬಿದ್ದಾಗ ಏಟಿನ ಜೋರು ಹಿಡಿಯುವುದರಲ್ಲಿ, ಸೋತ ಮೇಲೂ ಬಗ್ಗಿ ನಮಸ್ಕಾರ ಮಾಡುವುದರಲ್ಲಿ ಗೊತ್ತಾಗುತ್ತದೆ. ಕತ್ತರಿ ಹಿಡಿದು ಅದನ್ನು ತರಲು ಆಗುವುದಿಲ್ಲ.

ನಮ್ಮ ಊರುಗಳಲ್ಲಿ ಕೂದಲು ಬರೀ ಸ್ಟೈಲಿನ ವಿಷಯವೂ ಅಲ್ಲ. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡುತ್ತೇವೆ ಅಂತ ಹರಕೆ ಹೊತ್ತ ಮನೆಯ ಹುಡುಗ ಭುಜದವರೆಗೆ ಕೂದಲು ಬಿಟ್ಟುಕೊಂಡು ಬರುತ್ತಾನೆ. ಕಾರ್ತಿಕ ಬಂತೆಂದರೆ ಅಯ್ಯಪ್ಪನ ಮಾಲೆ ಹಾಕಿದ ಕಾಲೇಜು ಹುಡುಗರು ಗಡ್ಡ ಬಿಟ್ಟು ಬರುತ್ತಾರೆ, ವ್ರತ ಮುಗಿಯುವವರೆಗೆ ತೆಗೆಯುವಂತಿಲ್ಲ. ಕೊರಳಲ್ಲಿ ಇಷ್ಟಲಿಂಗ ಇರುವವರು ಬರುತ್ತಾರೆ, ಜನಿವಾರದವರು ಬರುತ್ತಾರೆ, ಮಾಂಗಲ್ಯ ಬಿಚ್ಚಲು ಒಪ್ಪದ ಗೃಹಿಣಿಯರು ಬರುತ್ತಾರೆ. ಎಲ್ಲಕ್ಕೂ ದಾರಿ ಇದೆ. ಉದ್ದ ಕೂದಲಿಗೆ ರಬ್ಬರ್‌ಬ್ಯಾಂಡ್. ಕೊರಳಲ್ಲಿ ಇರುವುದನ್ನು ಬಿಗಿಯಾದ ಬನಿಯನ್ನಿನೊಳಗೆ ಸೇರಿಸಿ ಮೇಲೊಂದು ಬಟ್ಟೆ ಪಟ್ಟಿ ಸುತ್ತಿಸುವುದು. ಅದಕ್ಕೂ ಒಪ್ಪದವರಿಗೆ ಆವತ್ತು ಜೋಡಿ ಕಾಳಗ ಇಲ್ಲ, ಕಟಾ ಮಾಡಲಿ. ಮಾಲೆ ಹಾಕಿದ ಹುಡುಗನಿಗೆ ಗಡ್ಡ ಬೋಳಿಸಿಕೊಂಡು ಬಾ ಅನ್ನಲು ನಾನು ಯಾರು?

ಆಧುನಿಕ ಕರಾಟೆಯ ಮೂಲಪುರುಷರಿಗೇ ಈ ಸಂಕಟ ಗೊತ್ತಿತ್ತು. ಈಗ ಜಪಾನಿಗೆ ಸೇರಿದ ಒಕಿನಾವ ದ್ವೀಪದಲ್ಲಿ 1868ರಲ್ಲಿ ಹುಟ್ಟಿದ ಗಿಚಿನ್ ಫುನಕೋಶಿಯವರ ಮನೆಯಲ್ಲಿ ತಲೆಯ ಮೇಲಿನ ಜುಟ್ಟು ಮನೆತನದ ಮಾನ ಆಗಿತ್ತು. ಆಗಿನ ಸರ್ಕಾರ ಅದು ಬೇಡ ಅನ್ನುತ್ತಿತ್ತು. ಜುಟ್ಟು ಇದ್ದವರಿಗೆ ಪ್ರವೇಶ ಇಲ್ಲ ಅಂತ ವೈದ್ಯಕೀಯ ಓದಿನ ಆಸೆಯನ್ನೇ ಬಿಟ್ಟರು. ಆಮೇಲೆ 1888ರಲ್ಲಿ ಶಾಲೆಯ ಸಹಾಯಕ ಉಪಾಧ್ಯಾಯರಾದಾಗ ಜುಟ್ಟು ಕತ್ತರಿಸಲೇಬೇಕಾಯಿತು. ಮನೆಗೆ ಹೋಗಿ ನಿಂತರೆ ಅಪ್ಪ ಕೆಂಡಾಮಂಡಲ, ಅಮ್ಮ ಹಿತ್ತಿಲ ಬಾಗಿಲಿಂದ ತವರಿಗೆ ಹೊರಟುಹೋದರು. ಅದೇ ಮನುಷ್ಯ 1922ರಲ್ಲಿ ಟೋಕಿಯೋಗೆ ಕರಾಟೆ ಒಯ್ದದ್ದು. ತಲೆಗೂದಲಿಗೆ ಕೈ ಹಾಕಿದರೆ ಒಂದು ಮನೆಯೇ ಹೇಗೆ ಕಲಕಿಹೋಗುತ್ತದೆ ಅಂತ ಈ ವಿದ್ಯೆ ಕಲಿಸುವ ನಾವೆಲ್ಲ ತಿಳಿದಿರಬೇಕು.

ನಾನು ಕಲಿಯುತ್ತಿದ್ದ ಕಡೆ ಹೀಗೇ ಆಗಿ ಒಬ್ಬಳು ಬಿಟ್ಟುಹೋದಳು. ನಮ್ಮ ಬ್ಯಾಚಿನಲ್ಲಿ ಅವಳಷ್ಟು ಚೆನ್ನಾಗಿ ಕಿಕ್ ಹೊಡೆಯುವವರು ಇರಲಿಲ್ಲ. ಸೊಂಟ ತಿರುಗಿಸುವಾಗ ನೆಲದ ಮೇಲಿನ ಪಾದವೂ ಪೂರ್ತಿ ತಿರುಗುತ್ತಿತ್ತು. ನಮಗೆಲ್ಲ ಅದು ಬರಲು ಬಹಳ ಕಾಲ ಹಿಡಿಯಿತು. ಕಂದು ಬೆಲ್ಟಿನವರೆಗೆ ಬಂದಿದ್ದಳು. ಜಡೆ ಕತ್ತರಿಸಿಕೊಂಡು ಬಾ, ಆಗ ನಿನ್ನ ಶ್ರದ್ಧೆ ನಂಬುತ್ತೇನೆ ಅಂದರು ಅಲ್ಲಿನ ಮಾಸ್ಟರ್. ಅವಳ ಅಜ್ಜಿ ಬಂದು ಹೊರಗೆ ನಿಂತು, "ನಮ್ ಮಗಿ ಕೂದ್ಲು ಏನ್ ಮಾಡ್ತು ಸ್ವಾಮಿ ನಿಮ್ಗೆ?" ಅಂತ ಕೇಳಿದರು. ಉತ್ತರ ಬರಲಿಲ್ಲ. ಮರುವಾರದಿಂದ ಅವಳು ಬರಲಿಲ್ಲ. ಅವಳು ಬಿಟ್ಟಿದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೆಣ್ಣುಮಕ್ಕಳನ್ನು ಕರಾಟೆಗೆ ಸೇರಿಸುವುದೇ ಯಾಕೆ? ಯಾರಾದರೂ ಮೈಮೇಲೆ ಕೈ ಹಾಕಿದರೆ, ಹೇಳಿದ್ದು ಕೇಳು ಅಂದರೆ, ಬೇಡ ಅನ್ನುವ ಗಟ್ಟಿತನ ಬರಲಿ ಅಂತ. ನಿನ್ನ ಮೈ ನಿನ್ನದು ಅಂತ ಹೇಳಿಕೊಡಬೇಕಾದ ಜಾಗದಲ್ಲೇ, ನಿನ್ನ ತಲೆ, ನಿನ್ನ ಮೂಗು, ಬೀದಿಯಲ್ಲಿ ನೀನು ಹೇಗಿರಬೇಕು ಎಲ್ಲ ನಾನು ಹೇಳಿದ ಹಾಗೆ ಅಂದರೆ ಆ ಹುಡುಗಿ ಕಲಿಯುವುದು ಏನು? ಹೊರಗಿನ ಉಡುಪಿನ ಮೇಲೆ ಕಣ್ಣಿಡುವ ಮಾಸ್ಟರ್ ಬಗ್ಗೆ ತಾಯಿಯಾಗಿ ನೀವು ಸ್ವಲ್ಪ ಎಚ್ಚರ ಆಗಿರುವುದೂ ಒಳ್ಳೆಯದು.

ಈಗ ಮಾಡಬೇಕಾದ್ದು. ಮಗಳನ್ನು ನಡುವೆ ನಿಲ್ಲಿಸದೆ ನೀವೇ ಹೋಗಿ ಮಾತಾಡಿ. "ಸರ್, ಕ್ಲಾಸಿನ ಹೊತ್ತಿಗೆ ಮೂಗುಬೊಟ್ಟು ತೆಗೆಸ್ತೀನಿ, ಜಡೆ ಬಿಗಿಯಾಗಿ ಕಟ್ಟಿ ಕಳಿಸ್ತೀನಿ, ಉಗುರು ನಾನೇ ನೋಡ್ಕೋತೀನಿ. ಕತ್ತರಿಸೋದಿಲ್ಲ. ಬೆಲ್ಟ್ ಟೆಸ್ಟಿನ ಸಿಲಬಸ್ಸಿನಲ್ಲಿ ಕೂದಲಿನ ಬಗ್ಗೆ ಇದ್ದರೆ ತೋರಿಸಿ" ಅನ್ನಿ. ಮೂಗು ಈಚೆಗಷ್ಟೇ ಚುಚ್ಚಿಸಿದ್ದರೆ ಬೊಟ್ಟು ತೆಗೆಯಬೇಡಿ, ತೂತು ಮುಚ್ಚಿಕೊಳ್ಳುತ್ತದೆ. ಗಾಯ ಮಾಗುವವರೆಗೆ ಮೇಲೆ ಟೇಪ್ ಹಾಕಿ, ಜೋಡಿ ಕಾಳಗದಿಂದ ಬಿಡಿಸಿ ಅಂತ ಕೇಳಿ. ಹೆಚ್ಚಿನವರು ಇಷ್ಟಕ್ಕೆ ಒಪ್ಪುತ್ತಾರೆ. ಅವರ ಗುರುಗಳು ಮಾಡಿದ್ದನ್ನೇ ಇವರು ಯೋಚಿಸದೆ ಮಾಡುತ್ತಿರುತ್ತಾರೆ ಅಷ್ಟೇ.

ಯಾರಾದರೂ ಶಿಕ್ಷೆ ಅಂತ ಮಗುವಿನ ಕೂದಲಿಗೆ ತಾವೇ ಕತ್ತರಿ ಹಾಕಿದರೆ ಅದು ಬೇರೆಯದೇ ವಿಷಯ. ತಮ್ಮ ಸುಪರ್ದಿಯಲ್ಲಿರುವ ಮಗುವಿಗೆ ದೈಹಿಕವಾಗಿ, ಮಾನಸಿಕವಾಗಿ ಹಿಂಸೆ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098.

ಮಾಸ್ಟರ್ ಒಪ್ಪದೇ ಹೋದರೆ ಇಲ್ಲಿಯವರೆಗಿನ ಬೆಲ್ಟ್ ಸರ್ಟಿಫಿಕೇಟುಗಳನ್ನು ಇಸ್ಕೊಂಡು ಬೇರೆ ಕ್ಲಾಸು ನೋಡಿ. ಸ್ಟೈಲು ಬೇರೆ ಆದರೆ ಒಂದೆರಡು ಹಂತ ಹಿಂದಿನಿಂದ ಶುರು ಮಾಡಿಸಬಹುದು, ಅದಕ್ಕೆ ಮಗಳು ಬೇಜಾರು ಮಾಡಿಕೊಳ್ಳುವುದು ಬೇಡ, ಕಲಿತದ್ದು ಕಾಲಲ್ಲೇ ಇರುತ್ತದೆ. ಸೇರಿಸುವ ಮುಂಚೆ ಒಂದು ಸಂಜೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಮಕ್ಕಳ ಉಗುರು ನೋಡುತ್ತಾರಾ, ಮ್ಯಾಟ್ ಒರೆಸುತ್ತಾರಾ, ಕನ್ನಡಕದ ಮಗುವನ್ನು ಏನು ಮಾಡುತ್ತಾರೆ, ಹುಡುಗಿಯರ ಮೈ ಮುಟ್ಟಿ ತಿದ್ದುವ ಮುಂಚೆ ಕೇಳುತ್ತಾರಾ ಅಂತ ಗಮನಿಸಿ. ಇಷ್ಟು ಸರಿ ಇದ್ದರೆ ಅವತ್ತೇ ಫೀಸು ಕಟ್ಟಿ ಬನ್ನಿ.