‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ?

ಸಂದರ್ಶನದಲ್ಲಿ ‘ಐ ಆಮ್ ಟ್ರಾವೆಲಿಂಗ್ ಫ್ರಮ್ ಮಂಡ್ಯ ಟು ಮೈಸೂರು ಸಿನ್ಸ್ ಟು ಇಯರ್ಸ್’ ಎಂದು ಹೇಳಿ ಎಡವಿದ್ದಾಗಿ ಬರೆದಿದ್ದೀರಿ. ಆ ‘ಸಿನ್ಸ್ ಟು ಇಯರ್ಸ್’ಗೆ ಬಹುಶಃ ನಮ್ಮ ‘ಇಂದ’ ಪ್ರತ್ಯಯವೇ ಕಾರಣ. ‘ಎರಡು ವರ್ಷದಿಂದ ಮಂಡ್ಯದಿಂದ ಮೈಸೂರಿಗೆ ಓಡಾಡುತ್ತಿದ್ದೇನೆ’ ಎಂಬಲ್ಲಿ ಅವಧಿಗೂ ಊರಿಗೂ ಅದೊಂದೇ ಸಾಕಾಗುತ್ತದೆ, ‘2023ರಿಂದ’ ಎಂದರೂ ಅದೇ. ಇಂಗ್ಲಿಷಿನಲ್ಲಿ ಹಾಗಲ್ಲ. ಬಾಯಿ ತೆರೆಯುವ ಮೊದಲು, ಮುಂದೆ ಬರುವುದು ಎಣಿಸಬಹುದಾದ ಕಾಲದ ಉದ್ದವೋ, ಶುರುವಾದ ಗಳಿಗೆಯೋ ಎಂದು ನೋಡಿಕೊಳ್ಳಿ: ಉದ್ದವಾದರೆ ‘ಫಾರ್ ಟು ಇಯರ್ಸ್’, ಗಳಿಗೆಯಾದರೆ ‘ಸಿನ್ಸ್ 2023’ ಅಥವಾ ‘ಸಿನ್ಸ್ ದಸರಾ’. ಆಮೇಲೆ ಕ್ರಿಯಾಪದವನ್ನು ತಿದ್ದಿಕೊಳ್ಳಿ. ಹೆಚ್ಚಿನವರು ಜಾರುವುದು ಇಲ್ಲಿಯೇ. ಓಡಾಟ ಅಂದು ಶುರುವಾಗಿ ಇಂದಿಗೂ ನಡೆದಿರುವುದರಿಂದ ‘ಐ ಆಮ್ ಟ್ರಾವೆಲಿಂಗ್’ ಸಲ್ಲದು, ‘ಐ ಹ್ಯಾವ್ ಬೀನ್ ಟ್ರಾವೆಲಿಂಗ್’ ಆಗಬೇಕು. ದಿನನಿತ್ಯ ಕೆಲಸಕ್ಕೆ ಹೋಗಿಬರುವುದಕ್ಕೆ ‘ಕಮ್ಯೂಟಿಂಗ್’ ಎಂಬುದು ಇನ್ನೂ ಚೆನ್ನಾಗಿ ಒಪ್ಪುತ್ತದೆ, ಆದರೆ ನಾಲಿಗೆಗೆ ಹತ್ತದಿದ್ದರೆ ಬಿಡಿ.