ಸೀರೆ ಮಾರಿಹೋದ ಮೇಲೆ ಮಾತು ಎಲ್ಲಿ ಉಳಿಯುತ್ತದೆ?

ಪ್ರಶ್ನೆ: ಮೇಡಂ, ನಮಸ್ಕಾರ. ಇಳಕಲ್‌ನಲ್ಲಿ ನಮ್ಮದು ಅಜ್ಜನ ಕಾಲದ ಸೀರೆ ಅಂಗಡಿ. ಈಗ ಆನ್‌ಲೈನ್ ಅಂಗಡಿಯನ್ನೂ ಮಾಡಿಸುತ್ತಿದ್ದೇವೆ. ಅಲ್ಲಿ ಗ್ರಾಹಕರು ತಮ್ಮತಮ್ಮಲ್ಲೂ ಮಾತಾಡುವಂತಿರಬೇಕು ಎಂದು ನನ್ನ ಆಸೆ. ಅದಕ್ಕೆ ‘ಚರ್ಚಾ ವೇದಿಕೆ’ ಅಂತ ಬೇರೆ ಪುಟ ಬೇಕು, ಪ್ರತ್ಯೇಕ ದುಡ್ಡು ಆಗುತ್ತದೆ ಎನ್ನುತ್ತಾನೆ ವೆಬ್‌ಸೈಟ್ ಮಾಡುವ ಹುಡುಗ. ಅಪ್ಪ ಮಾತ್ರ, ‘ಯಾರಾದರೂ ಕೆಟ್ಟದ್ದು ಬರೆದರೆ ಮರ್ಯಾದೆ ಹೋಗುತ್ತದೆ, ವಾಟ್ಸಾಪ್ ಗ್ರೂಪೇ ಸಾಕು’ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಇಳಕಲ್

ಉತ್ತರ: ಬೇರೆ ಪುಟಕ್ಕೆ ದುಡ್ಡು ಹಾಕಬೇಡಿ ತಂಗಿ. ಕೈ ಸುಟ್ಟುಕೊಂಡವಳು ಹೇಳುತ್ತಿದ್ದೇನೆ. ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಬೀಜದ ಅಂಗಡಿಗೆ ‘ಹರಟೆಕಟ್ಟೆ’ ಅಂತ ಪುಟ ಮಾಡಿಕೊಟ್ಟಿದ್ದೆ. ಆಲದ ಮರದ ಚಿತ್ರ ಬೇರೆ! 8 ತಿಂಗಳಲ್ಲಿ ಅಲ್ಲಿ ಬಂದದ್ದು 11 ಮಾತು. ಅದರಲ್ಲಿ 4 ನಾನೇ ಸುಳ್ಳು ಹೆಸರಿನಲ್ಲಿ ಬರೆದದ್ದು. (ನೀವು ಹಾಗೆ ಮಾಡಬೇಡಿ. ಮಾರುವವರು ಗ್ರಾಹಕರ ವೇಷ ಹಾಕಿ ವಿಮರ್ಶೆ ಬರೆಯುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ.)

ನಿಮ್ಮ ಅಪ್ಪನ ಅಂಗಡಿಯ ಗಾದಿ ಮೇಲೆ ಏನು ನಡೆಯುತ್ತದೆ ನೋಡಿ. ಒಬ್ಬರು ಸೀರೆ ಬಿಡಿಸಿ ಹಿಡಿದಿರುತ್ತಾರೆ. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸು ‘ಬ್ಯಾಸಿಗಿಗೆ ಹತ್ತೀದ ಛಲೋ ನೋಡ್ರಿ’ ಎನ್ನುತ್ತಾರೆ. ಮಾತು ಶುರುವಾಗುವುದು ಸೀರೆ ಕೈಯಲ್ಲಿದ್ದಾಗ, ಅಲ್ವಾ? ಅದಕ್ಕೇ ಪ್ರಶ್ನೆ ಕೇಳುವ ಜಾಗ ಸೀರೆಯ ಫೋಟೋದ ಕೆಳಗೇ ಇರಲಿ. ‘ಸೆರಗಿನ ಕೆಂಪು ಸೀರೆಯ ಮೈಗೆ ಹತ್ತುತ್ತದಾ?’ ಎಂದು ಒಬ್ಬರು ಕೇಳಿದರೆ, ಮೊದಲೇ ಕೊಂಡವರ ಫೋನಿಗೆ ಆ ಪ್ರಶ್ನೆ ಹೋಗಲಿ. ಬೇಡ ಎಂದವರಿಗೆ ಕಳಿಸಬಾರದು, ಅಷ್ಟೇ.

ಈಗ ನಿಮ್ಮ ಅಂಗಡಿಗೇ ಇರುವ ತೊಡಕಿಗೆ ಬರುತ್ತೇನೆ. ಮಿಕ್ಸಿ ಮಾರುವವರಿಗೆ ಇದು ಇರುವುದಿಲ್ಲ. ಒಂದೇ ಮಾದರಿಯ ಸಾವಿರ ಮಿಕ್ಸಿ ಇದ್ದರೆ ಸಾವಿರ ಜನರ ಮಾತೂ ಒಂದೇ ಪುಟದಲ್ಲಿ ಸೇರುತ್ತದೆ. ಕೈಮಗ್ಗದ ಸೀರೆ ಹಾಗಲ್ಲ. ಆ ಬಣ್ಣ, ಆ ದಡಿ (ಅಂಚು) ಸೇರಿದ್ದು ಒಂದೋ ಎರಡೋ ಇರುತ್ತದೆ. ಅದು ಮಾರಿಹೋದ ಕೂಡಲೇ ಪುಟ ತೆಗೆದುಬಿಡುತ್ತಾರೆ. ಕೆಳಗಿದ್ದ ಮಾತೂ ಅದರ ಜೊತೆಗೇ ಹೋಯಿತು. ಹೊಸ ಸೀರೆಯ ಪುಟ ಮತ್ತೆ ಬೋಳು. ಆದ್ದರಿಂದ ಮಾತನ್ನು ಒಂದೊಂದು ಸೀರೆಗೆ ಕಟ್ಟಬೇಡಿ, ಬಗೆಗೆ ಕಟ್ಟಿ. ಹತ್ತಿ ಮೈ, ರೇಷ್ಮೆ ಮೈ, ಗೋಮಿ ದಡಿ, ಚಿಕ್ಕಿ ಪರಾಸ್ ದಡಿ, ಕಸೂತಿ ಹಾಕಿದ್ದು – ಹೀಗೆ. ಹೊಸ ಸೀರೆ ಏರಿಸುವಾಗ ಅದು ಯಾವ ಬಗೆ ಎಂದು ಗುರುತು ಹಾಕಿದರೆ, ಹೋದ ದೀಪಾವಳಿಗೆ ಧಾರವಾಡದವರೊಬ್ಬರು ಬರೆದ ಮಾತು ತಾನಾಗಿ ಬಂದು ಕೆಳಗೆ ಕೂರುತ್ತದೆ. ಇದಕ್ಕೆ ಬೇಕಾದರೆ ಆ ಹುಡುಗನಿಗೆ ದುಡ್ಡು ಕೊಡಿ.

ವಿಮರ್ಶೆಯನ್ನು ಪಾರ್ಸೆಲ್ ತಲುಪಿದ ದಿನವೇ ಕೇಳುವುದು ಎಲ್ಲರ ರೂಢಿ. ಆ ದಿನ ಅವರು ‘ಸೂಪರ್’ ಎಂದು ಬರೆಯುತ್ತಾರೆ, ಯಾರಿಗೂ ಉಪಯೋಗವಿಲ್ಲ. ಒಂದು ತಿಂಗಳು ಬಿಟ್ಟು, ಮೊದಲ ಒಗೆತ ಆದಮೇಲೆ ಕೇಳಿ. ಉಟ್ಟ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು. ನಿಮ್ಮ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ತೆಗೆದ ದಾಳಿಂಬೆ ಕೆಂಪು ಅಂಗಳದ ಬಿಸಿಲಿನಲ್ಲಿ ಬೇರೆಯೇ ಕಾಣುತ್ತದೆ. ಮುಖ ಬೇಡವಾದರೆ ಸೆರಗು ಮಾತ್ರ ಸಾಕು ಎಂದು ಮೊದಲೇ ಹೇಳಿ.

ಅಪ್ಪನ ಭಯ ಸುಮ್ನೆ ಅಲ್ಲ. ಅಮೆಜಾನ್ 1995ರಲ್ಲೇ ಗ್ರಾಹಕರಿಗೆ ವಿಮರ್ಶೆ ಬರೆಯಲು ಬಿಟ್ಟಿತು, ಕೆಟ್ಟದ್ದನ್ನೂ ಉಳಿಸಿಕೊಂಡಿತು. ಪುಸ್ತಕ ಮಾರಬೇಕಾದವರು ಅದನ್ನೇ ತೆಗಳಲು ಬಿಡುವುದೇ ಎಂದು ಆಗಲೂ ಕೇಳಿದವರಿದ್ದರು. ಜನ ತಮ್ಮತಮ್ಮಲ್ಲೇ ಕೊಂಡು ಮಾರುವ ಇಬೇ ಎಂಬ ವೆಬ್‌ಸೈಟಿನ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ 1996ರಿಂದ ಕೊಂಡವರು ಮಾರಿದವರಿಗೆ, ಮಾರಿದವರು ಕೊಂಡವರಿಗೆ ಅಂಕ ಕೊಡುತ್ತಿದ್ದರು. ತಮಗೂ ಕೆಟ್ಟ ಅಂಕ ತಿರುಗಿ ಬಂದೀತು ಎಂದು ಹೆದರಿ ಕೊಂಡವರು ನಿಜ ಹೇಳುವುದನ್ನೇ ಬಿಟ್ಟರು. ಕೊನೆಗೆ 2008ರಲ್ಲಿ, ಮಾರುವವರು ಕೊಂಡವರಿಗೆ ಕೆಟ್ಟ ಅಂಕ ಕೊಡುವಂತಿಲ್ಲ ಎಂದು ಮಾಡಬೇಕಾಯಿತು.

ಹಾಗಾಗಿ ಬೈಗುಳ, ಯಾರದಾದರೂ ಫೋನ್ ನಂಬರು ಬಂದರೆ ತೆಗೆಯಿರಿ. ‘ಬಣ್ಣ ಬಿಟ್ಟಿತು’ ಎಂದಿದ್ದರೆ ಬಿಡಿ, ಕೆಳಗೆ ಅಪ್ಪನ ಉತ್ತರ ಹಾಕಿ. ಅವರಿಗೆ ಟೈಪ್ ಮಾಡಲು ಬೇಸರವಾದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ. ‘ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಬೇಕಿತ್ತವ್ವ, ಸೀರೆ ಕಳಿಸು ನೋಡ್ತೀನಿ’ ಎಂದು ಅವರು ಹೇಳುವ ಧಾಟಿಯಲ್ಲೇ ಇರಲಿ. ಅದನ್ನು ಓದಿಯೇ ಇನ್ನೊಬ್ಬರು ಕೊಳ್ಳುತ್ತಾರೆ.

ವಾಟ್ಸಾಪ್ ಗ್ರೂಪ್ ಇರಲಿ, ಹೊಸ ಸರಕು ಬಂದಾಗ ತಿಳಿಸಲು ಚೆನ್ನ. ಆದರೆ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳೇ ಜಾಸ್ತಿ ಇರುವ ಕಡೆ ಇದು ಸಣ್ಣ ವಿಷಯವಲ್ಲ. ಅಲ್ಲದೆ ಸೋಮವಾರದ ಉತ್ತರ ಗುರುವಾರದ ‘ಶುಭೋದಯ’ಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಐದನೆಯವರು ಅದನ್ನೇ ಕೇಳುತ್ತಾರೆ.

ಇನ್ನೊಂದು ಮಾತು. ‘ಇಳಕಲ್’ ಬದಲು ‘ಇರಕಲ್’ ಎಂದು ಹುಡುಕಿದರೂ ನಿಮ್ಮ ಸೀರೆ ಸಿಗಬೇಕು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಪ್ರಶ್ನೆ ಒಳಗೆ ಹೋಗಬೇಕು. ಮುಂಗಡ ಕೊಡುವ ಮೊದಲು ಆ ಹುಡುಗನನ್ನು ಕೂರಿಸಿಕೊಂಡು, ಸೀರೆ ಮಾರಿಹೋದ ಮೇಲೆ ಅದರ ಕೆಳಗಿನ ಮಾತು ಎಲ್ಲಿ ಉಳಿಯುತ್ತದೆ ಎಂದು ಕೇಳಿ. ತಡವರಿಸಿದರೆ ಚಹಾ ಕುಡಿಸಿ ಕಳಿಸಿ, ದುಡ್ಡು ಮಾತ್ರ ಆಮೇಲೆ.